ಲೋಂಡಾದಿಂದ ಪಣಜಿಗೆ: ಗೋವಾ ಬಿಡುಗಡೆಯ ಗುಪ್ತ ಸಮರದಲ್ಲಿ ಬೆಳಗಾವಿ

ಗೋವಾ ವಿಮೋಚನೆಯ ಮಾತು ಬಂದಾಗಲೆಲ್ಲ ನಾವು 1961ರ ಡಿಸೆಂಬರ್ 18 ಮತ್ತು 19ರ ಎರಡು ದಿನಗಳನ್ನು ನೆನೆಯುತ್ತೇವೆ. ಸೈನ್ಯ ಗಡಿ ದಾಟಿತು, ಸೇತುವೆಗಳು ಮುರಿದುಬಿದ್ದವು, ಗವರ್ನರ್ ಜನರಲ್ ಶರಣಾದ, ನಾಲ್ಕೂವರೆ ಶತಮಾನದ ಪರಂಗಿ ಆಳ್ವಿಕೆ ಮುಗಿಯಿತು. ಇದೆಲ್ಲ ನಿಜ. ಆದರೆ ಆ ಎರಡು ದಿನಗಳ ಹಿಂದೆ ಹದಿನೈದು ವರ್ಷಗಳ ಇನ್ನೊಂದು ಸಮರವಿತ್ತು. ಅದರಲ್ಲಿ ಗುಂಡಿಗಿಂತ ಸುದ್ದಿ ದೊಡ್ಡದು. ಯಾರು ಎಲ್ಲಿ ಬಂಧಿತರಾದರು, ಯಾವ ಚೌಕಿಯಲ್ಲಿ ಎಷ್ಟು ಜನ ಇದ್ದಾರೆ, ಲಿಸ್ಬನ್ ಏನನ್ನು ಮುಚ್ಚಿಡುತ್ತಿದೆ ಎಂಬುದನ್ನು ತಿಳಿಯುವುದು, ತಿಳಿದದ್ದನ್ನು ಗೋವಾದ ಮನೆಮನೆಗೆ ಮುಟ್ಟಿಸುವುದು, ಇದೇ ಆ ಸಮರದ ಕೆಲಸ. ಅದಕ್ಕೆ ನೆಲೆ ಕೊಟ್ಟದ್ದು ಬೆಳಗಾವಿ, ಖಾನಾಪುರ ಮತ್ತು ಅದಕ್ಕೆ ತಾಗಿದ ಘಟ್ಟದ ಕಾಡು. ಈ ಭಾಗ ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಒಂದೆರಡು ಸಾಲಿಗೆ ಮುಗಿದುಹೋಗಿರುವುದು ನನಗೆ ಬಹಳ ದಿನದಿಂದ ನೋವಿನ ಸಂಗತಿ.

ಕಥೆ ಶುರುವಾಗುವುದು ರೈಲು ಜಂಕ್ಷನ್ ಒಂದರಿಂದ. ಖಾನಾಪುರ ತಾಲ್ಲೂಕಿನ ಲೋಂಡಾದಲ್ಲಿ ಹಳಿ ಕವಲೊಡೆಯುತ್ತದೆ. ಒಂದು ಕವಲು ಧಾರವಾಡ–ಹುಬ್ಬಳ್ಳಿಯತ್ತ, ಇನ್ನೊಂದು ಬೆಳಗಾವಿ–ಮೀರಜ್‌ನತ್ತ, ಮೂರನೆಯದು ಕ್ಯಾಸಲ್‌ರಾಕ್ ದಾಟಿ ದೂಧಸಾಗರದ ಪಕ್ಕದಲ್ಲಿ ಘಟ್ಟ ಇಳಿದು ಮುರ್ಮಗೋವಾ ಬಂದರಿಗೆ. 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಆದ ಒಪ್ಪಂದದ ಫಲ ಆ ಮೂರನೆಯ ದಾರಿ. ಕ್ಯಾಸಲ್‌ರಾಕ್‌ವರೆಗೆ ಒಂದು ಕಂಪನಿಯ ಹಳಿ, ಅಲ್ಲಿಂದಾಚೆ ಇನ್ನೊಂದು ಕಂಪನಿಯದು. ಗಾಡಿ ನಿಂತಲ್ಲಿ ಸುಂಕದವರು ಗಂಟು ಬಿಚ್ಚಿಸಿ ನೋಡುತ್ತಿದ್ದರು. ಮುಂಬಯಿಯಲ್ಲಿ ದುಡಿಯುವ ಗೋವೆಯವರು ಹಬ್ಬಕ್ಕೆ ಊರಿಗೆ ಹೋಗುವುದೂ ಇದೇ ದಾರಿಯಲ್ಲಿ, ಪೊಲೀಸರ ಕಣ್ಣು ತಪ್ಪಿಸಿ ಹೊರಗೆ ಬರುವುದೂ ಇದೇ ದಾರಿಯಲ್ಲಿ. ಗೋವಾದೊಳಗೆ ನಾಲ್ಕು ಜನ ಕೂಡಿ ಮಾತಾಡಲು ಅನುಮತಿ ಬೇಕು, ಒಂದು ಕರಪತ್ರ ಅಚ್ಚು ಹಾಕಲು ಸರ್ಕಾರದ ಮುದ್ರೆ ಬೇಕು. ಲೋಂಡಾದಲ್ಲಿ ಅದೇನೂ ಬೇಕಿರಲಿಲ್ಲ.

1946ರ ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಗೋವಾಕ್ಕೆ ಬಂದದ್ದು ದಣಿದ ದೇಹಕ್ಕೆ ವಿಶ್ರಾಂತಿ ಅರಸಿ. ಲಾಹೋರಿನ ಜೈಲಿನಲ್ಲಿ ಹಿಂಸೆ ತಿಂದು, ಆಗಷ್ಟೇ ಸೆರೆಯಿಂದ ಬಿಡುಗಡೆಯಾಗಿದ್ದರು. ಗೆಳೆಯ ಜುಲಿಯಾಂವ್ ಮಿನೇಜಿಸರ ಊರಾದ ಅಸೋಳ್ಣೆಯಲ್ಲಿ ಉಳಿದರು. ಆದರೆ ಅವರನ್ನು ಕಾಣಲು ಬಂದವರು ಹೇಳಿದ ಕಥೆಗಳು ಅವರನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಜೂನ್ 18ರಂದು ಮಡಗಾಂವ್‌ನಲ್ಲಿ ನಿಷೇಧ ಮುರಿದು ಸಭೆಗೆ ಬಂದಾಗ ಅಲ್ಲಿನ ಆಡಳಿತಾಧಿಕಾರಿ ಕ್ಯಾಪ್ಟನ್ ಮಿರಾಂಡಾ ಪಿಸ್ತೂಲು ತೆಗೆದ. ಲೋಹಿಯಾ ಅವನ ಕೈಯನ್ನು ಪಕ್ಕಕ್ಕೆ ಸರಿಸಿ ಮುಂದೆ ನಡೆದರು. ಬಂಧಿಸಿದರು, ಹೊರಗೆ ಹಾಕಿದರು. ಸೆಪ್ಟೆಂಬರ್ ಕೊನೆಗೆ ಮತ್ತೆ ಅದೇ ರೈಲು ಹಿಡಿದು ಬಂದಾಗ ಘಟ್ಟದ ಕೆಳಗಿನ ಕುಳೆಂ ನಿಲ್ದಾಣದಲ್ಲೇ ಹಿಡಿದು ಅಗ್ವಾದ ಕೋಟೆಗೆ ಒಯ್ದರು.

ಈ ಎರಡು ಬಂಧನಗಳ ನಡುವೆ, ಆಗಸ್ಟ್ ತಿಂಗಳಲ್ಲಿ, ಗೋವಾದ ಬೇರೆಬೇರೆ ಗುಂಪುಗಳ ಮುಂದಾಳುಗಳು ಲೋಂಡಾದಲ್ಲಿ ಸೇರಿದರು. ನ್ಯಾಷನಲ್ ಕಾಂಗ್ರೆಸ್ (ಗೋವಾ) ಹುಟ್ಟಿದ್ದು ಅಲ್ಲಿ. ಗೋವಾದ ರಾಜಕೀಯ ಪಕ್ಷವೊಂದು ಗೋವಾದ ಹೊರಗೆ, ಖಾನಾಪುರದ ಮಳೆಯಲ್ಲಿ ಹುಟ್ಟಬೇಕಾಯಿತು. ಸಂಘಟನೆ ಕಟ್ಟಿದವರು ಒಳಗೆ ಹೋದೊಡನೆ ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ಅದಕ್ಕೂ ಮೊದಲೇ ಬಂಧಿತರಾಗಿದ್ದ ಗೋವಾ ರಾಷ್ಟ್ರೀಯತೆಯ ಹಿರಿಯ ಟಿ. ಬಿ. ಕುನ್ಹಾ, ಪುರುಷೋತ್ತಮ ಕಾಕೋಡ್ಕರ್, ರಾಮ ಹೆಗಡೆ, ಲಕ್ಷ್ಮೀಕಾಂತ ಭೆಂಬ್ರೆ ಇವರನ್ನೆಲ್ಲ ಸೈನಿಕ ನ್ಯಾಯಮಂಡಳಿಯ ಮುಂದೆ ನಿಲ್ಲಿಸಿ ಪೋರ್ಚುಗಲ್‌ಗೆ ಸಾಗಿಸಿದರು. ಕುನ್ಹಾಗೆ ಎಂಟು ವರ್ಷದ ಸಜೆ, ಪೆನಿಷ್ ಎಂಬ ಕಡಲ ಕೋಟೆಯಲ್ಲಿ. ಭಾರತ ಸ್ವತಂತ್ರವಾದ ದಿನ ಅವರು ಆ ಕೋಟೆಯಲ್ಲಿದ್ದರು.

ಬ್ರಿಟಿಷರು ಹೋದ ಮೇಲೆ ಪೋರ್ಚುಗೀಸರೂ ತಾವಾಗಿ ಹೋದಾರು ಎಂದು ದಿಲ್ಲಿ ನಂಬಿತ್ತು. ಲಿಸ್ಬನ್‌ನಲ್ಲಿ ಕೂತಿದ್ದ ಸರ್ವಾಧಿಕಾರಿ ಸಲಾಜಾರ್ ಬೇರೆ ಲೆಕ್ಕ ಹಾಕಿದ್ದ. 1951ರಲ್ಲಿ ಸಂವಿಧಾನ ತಿದ್ದಿ ಗೋವಾವನ್ನು ವಸಾಹತು ಎನ್ನುವ ಬದಲು ಕಡಲಾಚೆಯ ಪ್ರಾಂತ ಎಂದು ಕರೆದ. ಗೋವಾ ಪೋರ್ಚುಗಲ್ಲಿನದೇ ತುಂಡು ಎಂದ ಮೇಲೆ ಬಿಟ್ಟುಕೊಡುವ ಮಾತೇ ಏಳುವುದಿಲ್ಲವಲ್ಲ. ಹಾಗೆ ಹೇಳುವವನಿಗೆ ಎದುರಾಡಿದರೆ ಏನಾಗುತ್ತದೆ ಎಂಬುದನ್ನು ಮಾಪ್ಸಾದ ಶಸ್ತ್ರವೈದ್ಯ ಡಾ. ಪುಂಡಲೀಕ ಗಾಯತೊಂಡೆ ಕಂಡರು. 1954ರ ಫೆಬ್ರವರಿ 17ರ ಔತಣಕೂಟವೊಂದರಲ್ಲಿ ಭಾಷಣಕಾರ ಇದು ಪೋರ್ಚುಗಲ್ ಎಂದಾಗ ಅವರು ಪ್ರತಿಭಟಿಸುತ್ತೇನೆ ಎಂದರು. ಪೋರ್ಚುಗೀಸಿನಲ್ಲಿ ಅದು ಎರಡೇ ಪದ. ಆ ಎರಡು ಪದಕ್ಕೆ ಅವರನ್ನು ಬಂಧಿಸಿ ಹಡಗು ಹತ್ತಿಸಿ ಲಿಸ್ಬನ್‌ಗೆ ಕಳುಹಿಸಿದರು.

ಸಲಾಜಾರ್‌ನ ಆಳ್ವಿಕೆಯ ಬೆನ್ನೆಲುಬು ಅವನ ಗುಪ್ತ ಪೊಲೀಸು. ಪಿಡೆ ಎಂಬ ಹೆಸರಿನಲ್ಲಿ 1945ರಲ್ಲಿ ಮರುರೂಪ ಪಡೆದ ಆ ಇಲಾಖೆಗೆ ಗೂಢಚರ್ಯೆ, ಬಂಧನ, ವಿಚಾರಣೆ, ಚಿತ್ರಹಿಂಸೆ ಎಲ್ಲವೂ ಒಂದೇ ಸೂರಿನಡಿ. ಅದರ ಕೈ ಗೋವಾಕ್ಕೂ ಚಾಚಿತು. ಪಾದ್ರಿಯ ಮನೆಗೆ ಯಾರು ಬಂದರು, ದೇವಸ್ಥಾನದ ಜಾತ್ರೆಯಲ್ಲಿ ಯಾರು ಯಾರ ಕಿವಿಯಲ್ಲಿ ಮಾತಾಡಿದರು, ಬೆಳಗಾವಿಯಿಂದ ಬಂದ ಕಾಗದದಲ್ಲಿ ಏನಿದೆ ಎಂಬುದೆಲ್ಲ ಅದಕ್ಕೆ ಬೇಕಿತ್ತು. 1955ರ ಫೆಬ್ರವರಿ 18ರಂದು ಅಸ್ನೋಡಾದ ಬಾಳಾ ರಾಯಾ ಮಾಪಾರಿ ಎಂಬ ತರುಣ ಪೊಲೀಸರ ವಶದಲ್ಲಿ ಹಿಂಸೆಯಿಂದ ಸತ್ತ. ಅವನಿಂದ ಅವರಿಗೆ ಬೇಕಿದ್ದದ್ದು ಜೊತೆಗಾರರ ಹೆಸರು. ಅವನನ್ನು ಗೋವಾ ತನ್ನ ಮೊದಲ ಹುತಾತ್ಮ ಎಂದು ಗೌರವಿಸುತ್ತದೆ.

ಆ ಕಾಲದ ಗೋವಾದಲ್ಲಿ ತಾಯಂದಿರು ಹೆದರಿ ಉಸುರುತ್ತಿದ್ದ ಹೆಸರು ಕಾಸಿಮಿರೊ ಮೊಂತೆಯ್ರೊ. ಗೋವಾದಲ್ಲೇ ಹುಟ್ಟಿದವನು. ತನ್ನದೇ ನೆಲದ ಹುಡುಗರನ್ನು ಬೆನ್ನಟ್ಟಿ ಹೊಡೆದು ಬಾಯಿ ಬಿಡಿಸುವುದರಲ್ಲಿ ಹೆಸರು ಮಾಡಿದ. ಅವನ ಮುಂದಿನ ಹಾದಿಯನ್ನೂ ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಬೆಳಗಾವಿಯ ಗಡಿಯಲ್ಲಿ ನಡೆದ ಸಣ್ಣ ಹೋರಾಟ ಎಂಥ ದೊಡ್ಡ ಯಂತ್ರದ ಎದುರಿಗಿತ್ತು ಎಂಬುದು ಅದರಿಂದ ತಿಳಿಯುತ್ತದೆ. 1958ರಲ್ಲಿ ಪೋರ್ಚುಗಲ್ಲಿನ ಅಧ್ಯಕ್ಷ ಪದವಿಗೆ ಸಲಾಜಾರ್‌ನ ಅಭ್ಯರ್ಥಿಯ ಎದುರು ನಿಂತ ಜನರಲ್ ಉಂಬೆರ್ತೊ ದೆಲ್ಗಾದೊ ಮೋಸದ ಎಣಿಕೆಯಲ್ಲಿ ಸೋತರು. ಮರುವರ್ಷ ಲಿಸ್ಬನ್‌ನ ಬ್ರೆಜಿಲ್ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದು ದಕ್ಷಿಣ ಅಮೆರಿಕಕ್ಕೆ ಹೋದರು. ಪಿಡೆ ಅವರ ಜಾಡು ಬಿಡಲಿಲ್ಲ. 1965ರ ಫೆಬ್ರವರಿ 13ರಂದು ಬಂಡಾಯದ ಮಾತುಕತೆಯ ಆಮಿಷ ಒಡ್ಡಿ ಸ್ಪೇನ್ ಗಡಿಗೆ ಕರೆಸಿ, ಅವರನ್ನೂ ಬ್ರೆಜಿಲ್‌ನ ಅವರ ಕಾರ್ಯದರ್ಶಿಯನ್ನೂ ಕೊಂದರು. ಕೊಂದ ತಂಡದಲ್ಲಿ ಇದೇ ಮೊಂತೆಯ್ರೊ ಇದ್ದ. ಸಲಾಜಾರ್‌ಶಾಹಿ ಬಿದ್ದ ಮೇಲೆ ಪೋರ್ಚುಗಲ್‌ನ ನ್ಯಾಯಾಲಯ ಅವನಿಗೆ ಶಿಕ್ಷೆ ವಿಧಿಸಿತು, ಆದರೆ ಅವನ ಗೈರುಹಾಜರಿಯಲ್ಲಿ. ಅವನು ಆಫ್ರಿಕಾದಲ್ಲಿ ತಲೆಮರೆಸಿಕೊಂಡೇ ಆಯುಷ್ಯ ಮುಗಿಸಿದ. ಗೋವಾದ ಲಾಕಪ್‌ಗಳಲ್ಲಿ ಪಳಗಿದ ಕೈ ಅದು.

ಇಂಥ ಪೊಲೀಸಿನ ಎದುರು ಗೋವಾದೊಳಗೆ ಕಚೇರಿ ತೆರೆದು ಕೂರುವುದು ಆಗದ ಮಾತು. ಹಾಗಾಗಿ ನ್ಯಾಷನಲ್ ಕಾಂಗ್ರೆಸ್ (ಗೋವಾ) ಬೆಳಗಾವಿಯಲ್ಲಿ ಬೇರು ಬಿಟ್ಟಿತು. ಸಮಾಜವಾದಿ, ಕಾರ್ಮಿಕ ನಾಯಕ ಪೀಟರ್ ಆಲ್ವಾರಿಸ್ ಅದರ ಅಧ್ಯಕ್ಷರಾಗಿ ಐವತ್ತರ ದಶಕದಲ್ಲಿ ಹೋರಾಟವನ್ನು ನಡೆಸಿದರು. ಬೆಳಗಾವಿಗೆ ಇಂಥ ಅತಿಥಿಗಳು ಹೊಸಬರಲ್ಲ. 1916ರಲ್ಲಿ ತಿಲಕರು ಹೋಂರೂಲ್ ಚಳವಳಿಗೆ ಚಾಲನೆ ಕೊಟ್ಟದ್ದು ಈ ಊರಲ್ಲಿ, 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದದ್ದು ಈ ಊರಲ್ಲಿ. ಕ್ಯಾಂಪ್ ಪ್ರದೇಶದಲ್ಲಿ ಗೋವಾ ಮೂಲದ ಕ್ರೈಸ್ತ ಮನೆತನಗಳು ಮೊದಲಿಂದ ಇದ್ದವು. ಪೇಟೆಯಲ್ಲಿ ಗೋವಾದೊಂದಿಗೆ ತರಕಾರಿ, ತತ್ತಿ, ದನಕರುಗಳ ವ್ಯಾಪಾರ ಮಾಡುವವರಿದ್ದರು. ಕೊಂಕಣಿ, ಮರಾಠಿ, ಕನ್ನಡ ಮೂರೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೇಳಿಸುವ ಊರು. ಓಡಿಬಂದವನಿಗೆ ಇಲ್ಲಿ ತಾನು ಪರದೇಶಿ ಅನ್ನಿಸುವುದಿಲ್ಲ.

ಊರಿನಿಂದ ಪಶ್ಚಿಮಕ್ಕೆ ಹೋದರೆ ಖಾನಾಪುರ ತಾಲ್ಲೂಕಿನ ಕಾಡು. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟಿ ಮೂಡಣಕ್ಕೆ ಹರಿಯುತ್ತಾಳೆ. ಅದೇ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಡುವಣಕ್ಕೆ ಇಳಿದು, ಮಾಂಡವಿಯಾಗಿ ಪಣಜಿಯ ಮುಂದೆ ಕಡಲು ಸೇರುತ್ತಾಳೆ. ಚೋರ್ಲಾ ಘಟ್ಟ ಇಳಿದರೆ ಸತ್ತರಿ. 1852ರಲ್ಲಿ ದೀಪಾಜಿ ರಾಣೆ ಪೋರ್ಚುಗೀಸರ ವಿರುದ್ಧ ದಂಗೆ ಎದ್ದದ್ದು ಆ ಸತ್ತರಿಯಲ್ಲಿ. ಅತ್ತ ಅನಮೋಡ ಘಟ್ಟ ಇಳಿದರೆ ಮೋಲೆಂ. ನಕ್ಷೆಯಲ್ಲಿ ಇದು ಎರಡು ದೇಶಗಳ ಗಡಿ. ನೆಲದ ಮೇಲೆ ಒಂದೇ ಕಾಡು, ಒಂದೇ ಬಗೆಯ ಗದ್ದೆ, ಎರಡೂ ಕಡೆ ನೆಂಟಸ್ತನ ಬೆಳೆಸಿದ ಮನೆಗಳು. ಅಂಥ ಗಡಿಯಲ್ಲಿ ದನ ಕಾಯುವವನಿಗೆ ಗೊತ್ತಿರುವ ದಾರಿ ಕಾವಲುಗಾರನಿಗೆ ಗೊತ್ತಿರುವುದಿಲ್ಲ. ಸುದ್ದಿ ಒಯ್ಯುವವರಿಗೆ ಆ ಕಾಲುದಾರಿಗಳೇ ಆಸ್ತಿ.

ಆಜಾದ್ ಗೋಮಾಂತಕ ದಳದಂಥ ಗುಂಪುಗಳು ಬೇರೆ ಹಾದಿ ಹಿಡಿದಿದ್ದವು. ವಿಶ್ವನಾಥ ಲವಂದೆ, ಪ್ರಭಾಕರ ಸಿನಾರಿ ಮುಂತಾದವರು ಪೊಲೀಸ್ ಚೌಕಿಗಳ ಮೇಲೆ ದಾಳಿ ಮಾಡುತ್ತಿದ್ದರು. ಸಾಂಗ್ಲಿಯ ಮೋಹನ ರಾನಡೆ ಗೋವಾದ ಹಳ್ಳಿಯಲ್ಲಿ ಶಾಲಾ ಮಾಸ್ತರರಾಗಿ ಸೇರಿಕೊಂಡು, ಒಳಗಿದ್ದೇ ಸಂಘಟನೆ ಕಟ್ಟಿದರು. 1955ರ ಅಕ್ಟೋಬರ್‌ನಲ್ಲಿ ಬೇತಿಂ ಚೌಕಿಯ ದಾಳಿಯಲ್ಲಿ ಗುಂಡು ತಾಗಿ ಸಿಕ್ಕಿಬಿದ್ದರು. ಅಹಿಂಸೆಯವರಿಗೂ ಬಂದೂಕಿನವರಿಗೂ ಬೆಳಗಾವಿಯಲ್ಲಿ ವಾದ ನಡೆಯುತ್ತಿದ್ದದ್ದು ಸಹಜ. ಆದರೆ ಎರಡೂ ಬಣಕ್ಕೆ ಒಳಗಿನ ಸುದ್ದಿ ಬೇಕಿತ್ತು, ಅದು ಬರುತ್ತಿದ್ದದ್ದು ಒಂದೇ ಘಟ್ಟ ಹತ್ತಿ.

1954ರ ಆಗಸ್ಟ್ 15ರಂದು ಆಲ್ವಾರಿಸರ ಸಂಘಟನೆಯ ಸತ್ಯಾಗ್ರಹಿಗಳು ಗೋವಾದ ಉತ್ತರ ತುದಿಯ ತೆರೆಖೋಲ್ ಕೋಟೆಗೆ ನುಗ್ಗಿ ಒಂದು ದಿನದ ಮಟ್ಟಿಗೆ ತ್ರಿವರ್ಣ ಹಾರಿಸಿದರು. ಹೋದವರೆಲ್ಲ ಗೋವೆಯವರೇ, ಮುಂದಾಳುಗಳಲ್ಲಿ ಕ್ರೈಸ್ತರಿದ್ದರು. ಗೋವಾದ ಕ್ರೈಸ್ತರು ಪೋರ್ಚುಗಲ್ ಪರ ಎಂದು ಲಿಸ್ಬನ್ ಜಗತ್ತಿಗೆ ಸಾರುತ್ತಿದ್ದ ಮಾತಿಗೆ ಇದು ನೇರ ಉತ್ತರವಾಗಿತ್ತು.

ಮರುವರ್ಷ ಇಡೀ ದೇಶ ಈ ಗಡಿಗೆ ಬಂತು. ಮೇ ತಿಂಗಳಲ್ಲಿ ಸೇನಾಪತಿ ಬಾಪಟ್ ಮತ್ತು ಎನ್. ಜಿ. ಗೋರೆ, ಜೂನ್‌ನಲ್ಲಿ ನರಗುಂದದ ಜಗನ್ನಾಥರಾವ್ ಜೋಶಿ, ಜುಲೈನಲ್ಲಿ ಮಧು ಲಿಮಯೆ ತಂಡ ಕಟ್ಟಿಕೊಂಡು ಒಳಹೊಕ್ಕರು. ಪೋರ್ಚುಗೀಸ್ ಪೊಲೀಸರು ಬಂದೂಕಿನ ಹಿಡಿಯಿಂದ ಹೊಡೆದು, ದೀರ್ಘ ಶಿಕ್ಷೆ ಕೊಟ್ಟು ಜೈಲಿಗೆ ತಳ್ಳಿದರು. ಕರ್ನಾಟಕ ಕೇಸರಿ ಎಂದೇ ಹೆಸರಾದ ಜೋಶಿಯವರ ಕಂಚಿನ ಕಂಠವೂ ಅಗ್ವಾದ ಕೋಟೆಯ ಗೋಡೆಗಳೊಳಗೆ ಬಂದಿಯಾಯಿತು. ಆಗಸ್ಟ್ 15ರಂದು ಮೂರು ಸಾವಿರಕ್ಕೂ ಹೆಚ್ಚು ಜನ ಬೇರೆಬೇರೆ ಕಡೆಯಿಂದ ಗಡಿ ದಾಟಿದರು. ಬಾಂದಾ ಬದಿಯ ಪತ್ರಾದೇವಿಯಲ್ಲಿ ಗುಂಡು ಹಾರಿತು. ಕ್ಯಾಸಲ್‌ರಾಕ್ ಕಡೆಯಿಂದ ರೈಲು ಹಳಿಯ ಗುಂಟ ಸುರಂಗ ಹೊಕ್ಕು ನಡೆದವರ ಮೇಲೂ ಹಾರಿತು. ಆ ದಿನ ಸತ್ತವರು ಇಪ್ಪತ್ತಕ್ಕೂ ಹೆಚ್ಚು. ನಿರಾಯುಧರಾಗಿ, ಮಳೆಯಲ್ಲಿ ನೆನೆಯುತ್ತ, ಘೋಷಣೆ ಕೂಗುತ್ತ ಹೋದವರು.

ಇದಾದ ಮೇಲೆ ನೆಹರೂ ತೆಗೆದುಕೊಂಡ ತೀರ್ಮಾನ ಹೋರಾಟಗಾರರನ್ನು ಕಂಗೆಡಿಸಿತು. ಸೆಪ್ಟೆಂಬರ್‌ನಲ್ಲಿ ಸತ್ಯಾಗ್ರಹವನ್ನು ನಿಲ್ಲಿಸಲು ಹೇಳಿದರು, ಗೋವಾದೊಂದಿಗೆ ಸಂಬಂಧ ಕಡಿದರು, ಆರ್ಥಿಕ ದಿಗ್ಬಂಧನ ಬಿಗಿ ಮಾಡಿದರು. ಕ್ಯಾಸಲ್‌ರಾಕ್–ಕುಳೆಂ ನಡುವೆ ರೈಲು ನಿಂತಿತು. ಬೆಳಗಾವಿಯ ತರಕಾರಿ ಗಾಡಿಗಳು ಘಟ್ಟ ಇಳಿಯಲಿಲ್ಲ. ಪೋರ್ಚುಗೀಸರು ಪಾಕಿಸ್ತಾನದಿಂದ ಅಕ್ಕಿ, ಹಾಲೆಂಡಿನಿಂದ ಆಲೂಗಡ್ಡೆ, ಸಿಂಹಳದಿಂದ ಚಹಾ, ಜಪಾನಿನಿಂದ ಸಿಮೆಂಟ್ ತರಿಸಿ ಹಟ ಸಾಧಿಸಿದರು. ಎರಡು ದೇಶಗಳ ನಡುವೆ ಮಾತಾಡಲು ಮೂರನೆಯವರು ಬೇಕಾದರು. ದಿಲ್ಲಿಯಲ್ಲಿ ಪೋರ್ಚುಗಲ್‌ನ ಹಿತ ನೋಡಿಕೊಳ್ಳುವ ಹೊಣೆ ಬ್ರೆಜಿಲ್‌ಗೆ, ಗೋವಾದಲ್ಲಿ ಭಾರತದ ಹಿತ ನೋಡಿಕೊಳ್ಳುವ ಹೊಣೆ ಈಜಿಪ್ಟ್‌ಗೆ ಬಂತು. ನಿನ್ನೆಮೊನ್ನೆಯವರೆಗೆ ಬೀಗರ ಮನೆಗೆ ನಡೆದು ಹೋಗುತ್ತಿದ್ದ ಊರಿಗೆ ಈಗ ಕಾಗದ ಮುಟ್ಟಬೇಕಾದರೆ ಕಡಲಾಚೆಯ ಸರ್ಕಾರಗಳನ್ನು ಕೇಳಬೇಕಾಯಿತು. ಸತ್ಯಾಗ್ರಹವೂ ಇಲ್ಲ, ಸೈನ್ಯವೂ ಇಲ್ಲ, ಗಡಿಯೂ ಮುಚ್ಚಿದೆ. ಗೋವಾದೊಳಗಿನ ಜನರಿಗೆ ಭಾರತ ತಮ್ಮನ್ನು ಕೈಬಿಟ್ಟಿದೆ ಅನ್ನಿಸಿದರೆ ಅಲ್ಲಿಗೆ ಎಲ್ಲ ಮುಗಿದಂತೆ. ಪಣಜಿಯ ಎಮಿಸೋರಾ ದಿ ಗೋವಾ ರೇಡಿಯೊ ದಿನವೂ ಅದನ್ನೇ ಹೇಳುತ್ತಿತ್ತು.

ಆ ಮೌನದ ನಡುವೆ 1955ರ ನವೆಂಬರ್ 25ರಂದು ಇನ್ನೊಂದು ದನಿ ಕೇಳಿಸಿತು. 1510ರಲ್ಲಿ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್ ಗೋವಾವನ್ನು ಗೆದ್ದದ್ದು ಅದೇ ತಾರೀಖಿನಂದು. ಕೊಂಕಣಿಯಲ್ಲೂ ಪೋರ್ಚುಗೀಸಿನಲ್ಲೂ ಮಾತಾಡುತ್ತಿದ್ದ ಆ ಬಾನುಲಿಯ ಹೆಸರು ಗೋವಾ ಬಿಡುಗಡೆಯ ದನಿ. ಎಲ್ಲಿಂದ ಬರುತ್ತದೆ, ಯಾರದು ಎಂಬುದು ಕೇಳುವವರಿಗೆ ಗೊತ್ತಿರಲಿಲ್ಲ. ಅದು ಬರುತ್ತಿದ್ದದ್ದು ಬೆಳಗಾವಿ–ಸಾವಂತವಾಡಿ ಹಾದಿಯ ಅಂಬೋಲಿ ಘಟ್ಟದ ಕಾಡಿನೊಳಗಿಂದ. ಮಾತಾಡುತ್ತಿದ್ದವರು ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ ಎಂಬ ಇಬ್ಬರು. ಮೊದಲಲ್ಲಿ ನಿಕೊಲಾವ್ ಮಿನೇಜಿಸ್ ಕೂಡ ಜೊತೆಗಿದ್ದರು. ಪ್ರಸಾರದ ಯಂತ್ರ 1954ರಲ್ಲಿ ದಾದ್ರಾ ಮತ್ತು ನಗರ ಹವೇಲಿ ಬಿಡುಗಡೆಯಾದಾಗ ಪೋರ್ಚುಗೀಸ್ ಪೊಲೀಸರಿಂದ ವಶಪಡಿಸಿಕೊಂಡದ್ದು. ಶತ್ರುವಿನ ನಿಸ್ತಂತು ಶತ್ರುವಿನ ವಿರುದ್ಧವೇ ಮಾತಾಡಿತು.

1956ರಲ್ಲಿ ಅವರು ಕ್ಯಾಸಲ್‌ರಾಕ್‌ನ ಕಾಡಿಗೆ ಬಂದರು. ಆಗ ಮುಂಬಯಿ ರಾಜ್ಯದಲ್ಲಿದ್ದ ಈ ಸೀಮೆ ಅದೇ ವರ್ಷದ ನವೆಂಬರ್ 1ರಂದು ಬೆಳಗಾವಿಯ ಜೊತೆಗೇ ಮೈಸೂರು ರಾಜ್ಯಕ್ಕೆ ಸೇರಿತು. ಕ್ಯಾಸಲ್‌ರಾಕ್‌ನ ಮಳೆಗಾಲ ಕಂಡವರಿಗೆ ಅಲ್ಲಿ ವರ್ಷಗಟ್ಟಲೆ ಅಡಗಿ ಬದುಕುವುದೆಂದರೆ ಏನೆಂದು ವಿವರಿಸಬೇಕಿಲ್ಲ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ಬಟ್ಟೆ ಒಣಗುವುದಿಲ್ಲ, ಕಾಗದಕ್ಕೆ ಬೂಸು ಹಿಡಿಯುತ್ತದೆ, ಕಾಲಿಗೆ ಜಿಗಣೆ, ಸುತ್ತ ಹಾವು, ಕಾಡುಪ್ರಾಣಿ. ಊರವರ ಜೊತೆ ಬೆರೆಯುವಂತಿಲ್ಲ, ಬಂಧುಗಳಿಗೆ ವಿಳಾಸ ಕೊಡುವಂತಿಲ್ಲ. ಪಿಡೆಯ ಒಬ್ಬನೇ ಒಬ್ಬ ಮಾಹಿತಿದಾರ ಮೂಸಿ ನೋಡಿದರೂ ಎಲ್ಲ ಹಾಳು. ಹೀಗೆ ಆರು ವರ್ಷ, ದಿನವೂ ಪ್ರಸಾರ. ಲಿಬಿಯಾ ಮುಂಬಯಿಯಲ್ಲಿ ಓದಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೆನ್ಸಾರ್ ಕಚೇರಿಯಲ್ಲಿ ಭಾಷಾಂತರ ಮಾಡಿದ ಹೆಣ್ಣುಮಗಳು. ಯುದ್ಧ ಕಾಲದ ಸುದ್ದಿಯನ್ನು ಸರ್ಕಾರಗಳು ಹೇಗೆ ಸೋಸುತ್ತವೆ ಎಂಬುದನ್ನು ಒಳಗಿಂದ ಕಂಡವರು. ಆ ಅನುಭವ ಕಾಡಿನಲ್ಲಿ ಕೆಲಸಕ್ಕೆ ಬಂತು.

ಅವರು ಏನನ್ನು ಹೇಳುತ್ತಿದ್ದರು ಎಂಬುದು ಮುಖ್ಯ. ಬರಿಯ ಬೈಗುಳದ ಪ್ರಚಾರವಾಗಿದ್ದರೆ ಜನ ಒಂದು ತಿಂಗಳು ಕೇಳಿ ಬಿಡುತ್ತಿದ್ದರು. ಇವರು ಕೊಟ್ಟದ್ದು ಸುದ್ದಿ. ಗೋವಾದೊಳಗೆ ಯಾರ ಬಂಧನವಾಯಿತು, ಯಾವ ಸುಳ್ಳನ್ನು ಪಣಜಿ ಹೇಳಿತು, ಭಾರತದ ಸಂಸತ್ತಿನಲ್ಲಿ ಗೋವಾದ ಬಗ್ಗೆ ಯಾರು ಏನು ಮಾತಾಡಿದರು, ಅಂಗೋಲಾದಲ್ಲಿ ಏನಾಗುತ್ತಿದೆ. ಕೊನೆಯದು ಪೋರ್ಚುಗೀಸರಿಗೆ ಹೆಚ್ಚು ಚುರುಕು ಮುಟ್ಟಿಸುತ್ತಿತ್ತು. 1961ರ ಆರಂಭದಲ್ಲಿ ಅಂಗೋಲಾದಲ್ಲಿ ದಂಗೆ ಎದ್ದಾಗ ಅದನ್ನು ಲಿಸ್ಬನ್ ಮುಚ್ಚಿಡಲು ನೋಡಿತು. ಗೋವಾದಲ್ಲಿದ್ದ ಪೋರ್ಚುಗೀಸ್ ಸಿಪಾಯಿಗೂ ತನ್ನ ದೇಶದ ಸಾಮ್ರಾಜ್ಯ ಇನ್ನೊಂದು ತುದಿಯಲ್ಲಿ ಕುಸಿಯುತ್ತಿರುವ ಸುದ್ದಿಯನ್ನು ಪೋರ್ಚುಗೀಸ್ ಭಾಷೆಯಲ್ಲೇ ತಿಳಿಸಲು ಈ ಬಾನುಲಿಯಿತ್ತು. ದನಿ ತಗ್ಗಿಸಿ, ಕಿಟಕಿ ಮುಚ್ಚಿ ಕೇಳುತ್ತಿದ್ದ ಮನೆಗಳಲ್ಲಿ ಭಾರತ ತಮ್ಮನ್ನು ಮರೆತಿಲ್ಲ ಎಂಬ ಭರವಸೆ ಆರು ವರ್ಷ ಉಳಿದದ್ದು ಇದರಿಂದ. ಸೈನ್ಯ ಒಳಗೆ ಬಂದ ದಿನ ಜನ ಬೀದಿಗಿಳಿದು ಸ್ವಾಗತಿಸಿದ್ದಕ್ಕೆ ಈ ಕಾಡಿನ ಮಾತೂ ಕಾರಣ ಎಂದು ನಾನು ನಂಬುತ್ತೇನೆ.

ಇದೇ ವರ್ಷಗಳಲ್ಲಿ ಬೆಳಗಾವಿಯಲ್ಲಿ ಇನ್ನೊಂದು ಕಾವು ಏರಿತ್ತು. ಊರು ಯಾರದು, ಯಾವ ಭಾಷೆಯದು ಎಂಬ ಗಡಿ ತಂಟೆ. ಆ ತಂಟೆಯ ನೆನಪುಗಳು ಇವತ್ತಿಗೂ ಹಸಿಯಾಗಿವೆ, ಗೋವಾದ ಹೋರಾಟಗಾರರಿಗೆ ಊರು ಕೊಟ್ಟ ಆಸರೆ ಮರೆತುಹೋಗಿದೆ. ಒಂದೇ ಹೋರಾಟದಲ್ಲಿ ನರಗುಂದದ ಕನ್ನಡಿಗ, ಸಾಂಗ್ಲಿಯ ಮರಾಠಿಗ, ಗೋವಾದ ಕೊಂಕಣಿ ಕ್ರೈಸ್ತ ಒಂದೇ ಜೈಲಿನಲ್ಲಿದ್ದರು. ಅದನ್ನು ನೆನೆಯದೆ ಆ ದಶಕದ ಬೆಳಗಾವಿಯ ಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆ.

1961ಕ್ಕೆ ಬಂದಾಗ ದಿಲ್ಲಿಯ ತಾಳ್ಮೆ ಸವೆದಿತ್ತು. ಅಕ್ಟೋಬರ್‌ನಲ್ಲಿ ಪೋರ್ಚುಗೀಸ್ ವಸಾಹತುಗಳ ಕುರಿತು ದಿಲ್ಲಿಯಲ್ಲಿ ನಡೆದ ಗೋಷ್ಠಿಗೆ ಬಂದ ಆಫ್ರಿಕದ ನಾಯಕರು, ಗೋವಾ ಬಿಡುಗಡೆಯಾದರೆ ನಮ್ಮ ಹೋರಾಟಕ್ಕೂ ಬಲ ಬರುತ್ತದೆ, ಭಾರತ ಏಕೆ ಕಾಯುತ್ತಿದೆ ಎಂದು ನೆಹರೂ ಅವರನ್ನು ನೇರವಾಗಿ ಒತ್ತಾಯಿಸಿದರು. ನವೆಂಬರ್‌ನಲ್ಲಿ ಕಾರವಾರದ ಕಡಲಿನ ಅಂಜದೀವ ದ್ವೀಪದಿಂದ ಪೋರ್ಚುಗೀಸರು ಸಾಬರಮತಿ ಎಂಬ ಪ್ರಯಾಣಿಕ ಹಡಗಿನ ಮೇಲೆ ಗುಂಡು ಹಾರಿಸಿದರು. ಕೆಲವೇ ದಿನಗಳಲ್ಲಿ ಒಬ್ಬ ಮೀನುಗಾರ ಅವರ ಗುಂಡಿಗೆ ಸತ್ತ. ಕಾರವಾರದ ಬೆಸ್ತರ ಕೇರಿಯ ಆ ಸಾವು ದಿಲ್ಲಿಯ ಕಡತಗಳನ್ನು ಸರಿಸಿತು.

ಡಿಸೆಂಬರ್ ಮೊದಲ ವಾರಗಳಲ್ಲಿ ಬೆಳಗಾವಿ ಸೇನಾ ಶಿಬಿರವಾಯಿತು. ಮೇಜರ್ ಜನರಲ್ ಕೆ. ಪಿ. ಕ್ಯಾಂಡೆತ್ ಅವರ 17ನೇ ಕಾಲ್ದಳ ಡಿವಿಷನ್, ಬ್ರಿಗೇಡಿಯರ್ ಸಗತ್ ಸಿಂಗ್ ಅವರ 50ನೇ ಪ್ಯಾರಾಶೂಟ್ ಬ್ರಿಗೇಡ್ ಇಲ್ಲಿ ಬಂದು ನೆಲೆಸಿದವು. ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಯುದ್ಧವಿಮಾನಗಳು ಬಂದಿಳಿದವು. ದಕ್ಷಿಣ ಕಮಾಂಡಿನ ಹೊಣೆ ಹೊತ್ತಿದ್ದವರು ಲೆಫ್ಟಿನೆಂಟ್ ಜನರಲ್ ಜೆ. ಎನ್. ಚೌಧುರಿ. ಯೋಜನೆಯಂತೆ ಮುಖ್ಯ ಹೊಡೆತ ಪೂರ್ವದಿಂದ, ಅನಮೋಡ ಘಟ್ಟ ಇಳಿದು ಮೋಲೆಂ ಮೂಲಕ ಫೋಂಡಾದತ್ತ ಹೋಗುವ 63ನೇ ಬ್ರಿಗೇಡಿನದು. ಸಗತ್ ಸಿಂಗ್ ಅವರ ಪಡೆ ಉತ್ತರದ ದೋಡಾಮಾರ್ಗದಿಂದ ಒತ್ತಡ ತರಬೇಕಿತ್ತು. ಎದುರಿಗೆ ಮೂರೂವರೆ ಸಾವಿರದಷ್ಟು ಪೋರ್ಚುಗೀಸ್ ಸೈನಿಕರು. ಕೊನೆಯ ಮನುಷ್ಯನವರೆಗೆ ಹೋರಾಡಿ ಸಾಯಿರಿ ಎಂದು ಸಲಾಜಾರ್ ಗವರ್ನರ್ ಜನರಲ್ ವಸಾಲೊ ಇ ಸಿಲ್ವಾಗೆ ತಂತಿ ಕಳಿಸಿದ್ದ. ಡಿಸೆಂಬರ್ 17ರಂದು ಗೋವಾ ಬಿಡುಗಡೆಯ ದನಿಯ ಮೂಲಕ ಅದೇ ಗವರ್ನರ್‌ಗೆ ಬೇರೊಂದು ಸಂದೇಶ ಹೋಯಿತು: ರಕ್ತಪಾತ ಬೇಡ, ಶರಣಾಗು.

ಡಿಸೆಂಬರ್ 17–18ರ ರಾತ್ರಿ ಪಡೆಗಳು ಮುಂದೆ ಸರಿದವು. ಬೆಳಿಗ್ಗೆ ಪುಣೆಯಿಂದ ಹೊರಟ ಕ್ಯಾನ್‌ಬೆರಾ ವಿಮಾನಗಳು ದಾಬೋಳಿ ವಿಮಾನ ನಿಲ್ದಾಣದ ಓಡುದಾರಿಯನ್ನು ಹಾಳು ಮಾಡಿದವು. ಸಾಂಬ್ರಾದಿಂದ ಏರಿದ ಹಂಟರ್‌ಗಳು ಬಾಂಬೋಳಿಯ ನಿಸ್ತಂತು ಕೇಂದ್ರವನ್ನು ಉರುಳಿಸಿದವು. ಲಿಸ್ಬನ್ ಮತ್ತು ಪಣಜಿ ನಡುವಿನ ಮಾತು ಕಡಿದುಹೋಯಿತು. ಇಷ್ಟು ವರ್ಷ ಸುದ್ದಿಯನ್ನು ಬಿಗಿಹಿಡಿದು ಆಳಿದವರಿಗೆ ಮೊದಲ ದಿನವೇ ಸುದ್ದಿ ಇಲ್ಲದಂತಾಯಿತು. ಪೋರ್ಚುಗೀಸರು ಸೇತುವೆಗಳನ್ನು ಸ್ಫೋಟಿಸಿ ಹಿಂದೆ ಸರಿದರು, ಅಷ್ಟೇ. ಭಾರತೀಯ ಸೇನೆ ನಿರೀಕ್ಷಿಸಿದ್ದ ಪ್ರತಿರೋಧ ಭೂಮಿಯ ಮೇಲೆ ಹೆಚ್ಚೇನೂ ಕಾಣಲಿಲ್ಲ. ಉತ್ತರದ ಪ್ಯಾರಾ ಬ್ರಿಗೇಡ್ ತನಗೆ ಕೊಟ್ಟ ಕೆಲಸ ಮೀರಿ ಧಾವಿಸಿ, 18ರ ಸಂಜೆಗೆ ಬೇತಿಂ ತಲುಪಿ ಮಾಂಡವಿಯ ದಂಡೆಯಲ್ಲಿ ನಿಂತಿತು. ಆರು ವರ್ಷದ ಹಿಂದೆ ರಾನಡೆ ಗುಂಡೇಟು ತಿಂದು ಬಿದ್ದ ಊರು ಅದು. ಆಗ ಹೊಳೆಗೆ ಸೇತುವೆ ಇರಲಿಲ್ಲ. 19ರ ಬೆಳಿಗ್ಗೆ ಸೈನಿಕರು ದೋಣಿಗಳಲ್ಲಿ ದಾಟಿ ಪಣಜಿ ಸೇರಿದರು. ಆ ರಾತ್ರಿ ವಾಸ್ಕೋದಲ್ಲಿ ವಸಾಲೊ ಇ ಸಿಲ್ವಾ ಶರಣಾದ. ಶರಣಾಗತಿ ನಡೆದದ್ದು ಕಾರಿನ ದೀಪದ ಬೆಳಕಿನಲ್ಲಿ. ಭಾರತದ ಕಡೆ ಸತ್ತವರು 22, ಪೋರ್ಚುಗೀಸರ ಕಡೆ 30. ಗೋವಾವನ್ನು ಬೂದಿ ಮಾಡು ಎಂಬ ಅಪ್ಪಣೆಯನ್ನು ಪಾಲಿಸದ ಆ ಗವರ್ನರ್‌ನನ್ನು ಸಲಾಜಾರ್ ಸೇನೆಯಿಂದ ಹೊರಹಾಕಿದ. ಸಾವಿರಾರು ಜನರ ಪ್ರಾಣ ಉಳಿಸಿದ ಆ ಅವಿಧೇಯತೆಗೆ ಗೋವಾ ಋಣಿಯಾಗಿದೆ.

ಅದೇ ಹೊತ್ತಿಗೆ ನ್ಯೂಯಾರ್ಕ್‌ನ ಭದ್ರತಾ ಮಂಡಳಿಯಲ್ಲಿ ಭಾರತ ಸೈನ್ಯವನ್ನು ಹಿಂದಕ್ಕೆ ಕರೆಯಬೇಕೆಂಬ ನಿರ್ಣಯ ಮತಕ್ಕೆ ಬಂತು. ಅಮೆರಿಕ, ಬ್ರಿಟನ್, ಫ್ರಾನ್ಸ್, ತುರ್ಕಿ ಮಂಡಿಸಿದ ಆ ನಿರ್ಣಯಕ್ಕೆ ಏಳು ಮತ ಬಿದ್ದವು. ಆ ಏಳರಲ್ಲಿ ಎರಡು ದಕ್ಷಿಣ ಅಮೆರಿಕದ ಚಿಲಿ ಮತ್ತು ಎಕ್ವಡಾರ್‌ನವು. ಒಂದು ಕಾಲಕ್ಕೆ ತಾವೇ ಯುರೋಪಿನ ವಸಾಹತುಗಳಾಗಿದ್ದ ದೇಶಗಳು ಹಾಗೆ ಕೈ ಎತ್ತಿದ್ದು ಇಂದಿಗೂ ಓದುವಾಗ ಬೇಸರ ತರಿಸುತ್ತದೆ. ಸಿಂಹಳ, ಲೈಬೀರಿಯ, ಈಜಿಪ್ಟ್ ಭಾರತದ ಪರ ನಿಂತವು. ಸೋವಿಯತ್ ಒಕ್ಕೂಟದ ವಿಟೊ ನಿರ್ಣಯವನ್ನು ತಡೆಯಿತು.

ಬಿಡುಗಡೆಯ ಸುದ್ದಿಯನ್ನು ಸಾರುವ ಕೆಲಸ ಕಾಡಿನ ಆ ಇಬ್ಬರಿಗೇ ಸಿಕ್ಕಿತು. ವಾಯುಪಡೆಯ ವಿಮಾನಕ್ಕೆ ಧ್ವನಿವರ್ಧಕ ಕಟ್ಟಿ, ಲಿಬಿಯಾ ಮತ್ತು ವಾಮನ ಪಣಜಿಯ ಮೇಲೂ ಸುತ್ತಲ ಊರುಗಳ ಮೇಲೂ ಹಾರುತ್ತ, ಕರಪತ್ರ ಉದುರಿಸುತ್ತ, ಗೋವಾ ಸ್ವತಂತ್ರವಾಯಿತು ಎಂದು ಕೊಂಕಣಿಯಲ್ಲೂ ಪೋರ್ಚುಗೀಸಿನಲ್ಲೂ ಕೂಗಿ ಹೇಳಿದರು. ಆರು ವರ್ಷ ಮುಖ ಕಾಣದೆ ಕೇಳಿದ ದನಿ ಅಂದು ತಲೆಯ ಮೇಲಿನಿಂದ ಬಂತು. 1964ರಲ್ಲಿ ಅವರಿಬ್ಬರೂ ಮದುವೆಯಾದರು. ವಾಮನ ಸರದೇಸಾಯಿ ಮುಂದೆ ಅಂಗೋಲಾಕ್ಕೆ ಭಾರತದ ರಾಯಭಾರಿಯಾಗಿ ಹೋದರು. ಕ್ಯಾಸಲ್‌ರಾಕ್‌ನಿಂದ ಯಾವ ದೇಶದ ದಂಗೆಯ ಸುದ್ದಿ ಓದುತ್ತಿದ್ದರೋ ಅದೇ ದೇಶ ಆ ಹೊತ್ತಿಗೆ ಸ್ವತಂತ್ರವಾಗಿತ್ತು. ಲಿಬಿಯಾ ವಕೀಲರಾದರು, ಗೋವಾದ ಪ್ರವಾಸೋದ್ಯಮ ಇಲಾಖೆಯನ್ನು ನಡೆಸಿದರು. 2025ರಲ್ಲಿ, ನೂರರ ವಯಸ್ಸಿನಲ್ಲಿ, ಅವರಿಗೆ ಪದ್ಮಶ್ರೀ ಬಂತು. ಪೀಟರ್ ಆಲ್ವಾರಿಸ್ ಪಣಜಿಯಿಂದ ಮೂರನೆಯ ಲೋಕಸಭೆಗೆ ಆರಿಸಿಹೋದರು.

ಮೋಹನ ರಾನಡೆಯವರ ಪಾಲಿಗೆ 1961ರ ಡಿಸೆಂಬರ್ 19 ಬರಲಿಲ್ಲ. ಅವರನ್ನು ಅದಕ್ಕೂ ಮೊದಲೇ ಪೋರ್ಚುಗಲ್‌ನ ಕಾಶಿಯಾಸ್ ಕೋಟೆಗೆ ಒಯ್ದಿದ್ದರು. ಗೋವಾ ಬಿಡುಗಡೆಯಾಗಿ ಏಳು ವರ್ಷ ಕಳೆದರೂ ಅವರು ಸೆರೆಯಲ್ಲಿದ್ದರು. ದೇಶದಲ್ಲಿ ಜನ ಸಭೆ ಸೇರಿ, ಸಂಸತ್ತಿನಲ್ಲಿ ಪ್ರಶ್ನೆ ಕೇಳಿ, ಹಲವು ದೇಶಗಳ ಮೂಲಕ ಒತ್ತಡ ತಂದ ಮೇಲೆ, 1969ರ ಜನವರಿಯಲ್ಲಿ ಅವರು ಹೊರಬಂದರು. ಅವರ ಹಿಂದೆಯೇ 1970ರಲ್ಲಿ, ಪೋರ್ಚುಗಲ್‌ನಲ್ಲೇ ಸೆರೆಯಲ್ಲಿದ್ದ ಗೋವಾದ ಇನ್ನೊಬ್ಬ ಹೋರಾಟಗಾರ ಟೆಲೊ ಮಸ್ಕರೆನ್ಹಸ್ ಹೊರಬಂದರು. ಪೋರ್ಚುಗಲ್ಲಿನಲ್ಲಿ 1974ರ ಏಪ್ರಿಲ್ ಕ್ರಾಂತಿ ಸಲಾಜಾರ್ ಕಟ್ಟಿದ ಆಳ್ವಿಕೆಯನ್ನು ಕೆಡವಿ, ಪಿಡೆಯ ಬಾಗಿಲು ಮುಚ್ಚಿಸಿತು. ಗೋವಾದ ಮೇಲೆ ಭಾರತದ ಸಾರ್ವಭೌಮತ್ವವನ್ನು ಲಿಸ್ಬನ್ ಒಪ್ಪಿ ಸಹಿ ಹಾಕಿದ್ದು ಆ ವರ್ಷದ ಡಿಸೆಂಬರ್ 31ರಂದು.